ಊರು ಮೊದಲೋ, ಖಾತೆ ಮೊದಲೋ?

ಕೃಷ್ಣರಾಜಪುರದ ಹಳೆಯ ಊರಿನಲ್ಲಿ ಒಂದು ಮನೆತನವಿದೆಯೆಂದು ವಾಚಕರು ಭಾವಿಸಲಿ. ಮಣ್ಣಿನ ಗೋಡೆ, ನಾಡಹೆಂಚಿನ ಮಾಡು, ಬೀದಿಗೆ ಮುಖಮಾಡಿದ ಜಗುಲಿ, ಹಿತ್ತಲಲ್ಲಿ ಒಂದಾನೊಂದು ಕಾಲಕ್ಕೆ ದನಗಳಿದ್ದ ಕೊಟ್ಟಿಗೆ, ಇಷ್ಟೇ ಮನೆ. ತಾತನ ಕಾಲದಲ್ಲಿ ಅಣ್ಣತಮ್ಮಂದಿರು ಊರಿನ ನಾಲ್ಕು ಮಂದಿ ಹಿರಿಯರ ಸಮಕ್ಷಮದಲ್ಲಿ ಪಾಲಾದಾಗ ಈ ಭಾಗವು ಈ ಶಾಖೆಗೆ ಬಂದಿತು. ಮಳೆಗಾಲ ಬಂತೆಂದರೆ ಪಡುವಣ ಗೋಡೆ ತೋಯ್ದು ಉಬ್ಬುತ್ತದೆ. ಮನೆಯವರು ರಾತ್ರಿ ಮಲಗುವ ಸ್ಥಳವನ್ನು ಬದಲಾಯಿಸಿಕೊಳ್ಳುತ್ತಾರೆ. ಮನೆಯ ಮಗನಿಗೆ ಖಾಯಂ ಉದ್ಯೋಗವುಂಟು, ತಿಂಗಳು ತಿಂಗಳಿಗೆ ಸಂಬಳ ಬರುತ್ತದೆ, ಯಾರ ಬಾಕಿಯೂ ಇಲ್ಲ. ಹಳೆಯ ಗೋಡೆಯನ್ನು ಕೆಡವಿ ಎರಡು ಕೋಣೆಯ ಗಟ್ಟಿಮನೆಯೊಂದನ್ನು ಕಟ್ಟಿಕೊಳ್ಳಬೇಕೆಂಬ ಇಚ್ಛೆಯಿಂದ ಅವನು ಬ್ಯಾಂಕಿಗೆ ಹೋಗುತ್ತಾನೆ. ಅಲ್ಲಿಯ ಅಧಿಕಾರಿ ಸಭ್ಯನೇ. ಸಂಬಳದ ಚೀಟಿಯನ್ನು ನೋಡಿ ತಲೆದೂಗಿ, ಆಮೇಲೆ ಕೇಳುತ್ತಾನೆ: “ಮೂಲಪತ್ರವೆಲ್ಲಿ? ಮೂವತ್ತು ವರ್ಷದ ಋಣಭಾರಪತ್ರವೆಲ್ಲಿ? ಎ ಖಾತೆಯೆಲ್ಲಿ? ಅನುಮೋದಿತ ಬಡಾವಣೆಯ ನಕ್ಷೆಯೆಲ್ಲಿ?”

ಹುಡುಗನು ತನ್ನಲ್ಲಿರುವುದನ್ನು ಮೇಜಿನ ಮೇಲಿಡುತ್ತಾನೆ. ಕಂದಾಯದ ರಸೀದಿಗಳ ಒಂದು ಕಟ್ಟು, ವಿದ್ಯುತ್ತಿನ ಬಿಲ್ಲು, ಮಡಿಕೆಯ ಗೆರೆಗಳಲ್ಲಿ ಹರಿದುಹೋಗಿರುವ ತಾತನ ಪಾಲುಪಟ್ಟಿ. “ಸ್ವಾಮಿ, ಇವುಗಳ ಮೇಲೆ ಸಾಲ ಹುಟ್ಟುವುದಿಲ್ಲ. ಇದು ಹಳ್ಳಿಯಾಗಿದ್ದರೆ ಗ್ರಾಮೀಣ ಯೋಜನೆಗಳಲ್ಲಿ ಏನಾದರೂ ನೋಡಬಹುದಾಗಿತ್ತು” ಎಂದು ಅಧಿಕಾರಿಯ ಉತ್ತರ. ಹುಡುಗನು ಹೊರಗೆ ಬಂದು ನಿಂತರೆ, ಅವನು ನಗರದವನೂ ಅಲ್ಲ, ಹಳ್ಳಿಯವನೂ ಅಲ್ಲ. ನಗರದವನೆನ್ನಲು ಪತ್ರವಿಲ್ಲ, ಹಳ್ಳಿಯವನೆನ್ನಲು ಹಳ್ಳಿಯೇ ಇಲ್ಲ, ಅದು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯೊಳಗೆ ಸೇರಿಹೋಯಿತು. ಪುರಾಣದ ತ್ರಿಶಂಕುವು ತಾನಾಗಿ ಸಶರೀರಸ್ವರ್ಗವನ್ನು ಬಯಸಿ ಆ ಅವಸ್ಥೆಗೆ ಒಳಗಾದನು. ಈ ಹುಡುಗನೋ, ಏನನ್ನೂ ಬಯಸದೆ ತನ್ನ ಜಗುಲಿಯ ಮೇಲೆ ಕುಳಿತಿದ್ದವನು. ಗಡಿಯೇ ಬಂದು ಅವನನ್ನು ದಾಟಿಕೊಂಡು ಹೋಯಿತು.

ಇಂಥ ಮನೆ ಒಂದೇ ಆಗಿದ್ದರೆ ವಿಧಿಯೆಂದು ಸುಮ್ಮನಿರಬಹುದಾಗಿತ್ತು. ಹಲಸೂರಿನ ಹಳೆಯ ಬೀದಿಗಳು, ದೊಮ್ಮಲೂರು, ಬಿನ್ನಮಂಗಲ, ವಿಭೂತಿಪುರ, ಕೃಷ್ಣರಾಜಪುರ, ಅದರಾಚೆ ವೈಟ್‌ಫೀಲ್ಡಿನ ಸುತ್ತಿನ ಊರುಗಳು, ಹೀಗೆ ಬೆಂಗಳೂರಿನ ಪೂರ್ವದಿಕ್ಕಿನಲ್ಲಿ ನಗರದ ಹೊಟ್ಟೆಯೊಳಗಿರುವ ಗ್ರಾಮಠಾಣಗಳ ಮನೆಗಳಿಗೆಲ್ಲ ಈ ಪ್ರಶ್ನೆ ಹತ್ತಿದುದಾಗಿದೆ. ಗೃಹನಿರ್ಮಾಣದ ಸಾಲಕ್ಕೆ ಯಾರು ಅರ್ಹರು, ಯಾರು ಅನರ್ಹರು ಎಂಬುದನ್ನು ಬ್ಯಾಂಕುಗಳು ನಿರ್ಣಯಿಸುವ ರೀತಿಯು ಈ ಊರುಗಳ ಚರಿತ್ರೆಗೆ ನೇರವಾಗಿ ವಿರುದ್ಧವಾದದ್ದು, ನ್ಯಾಯಕ್ಕೂ ವಿರುದ್ಧವಾದದ್ದು. ಇದನ್ನು ವಿಚಾರಿಸತಕ್ಕದ್ದು ಅವಶ್ಯಕ.

ಮೊದಲು ಹಳ್ಳಿಯೆಂದರೇನೆಂಬುದನ್ನೇ ನೋಡಬಹುದು. ಜನಗಣತಿಯವರ ಲಕ್ಷಣದಂತೆ ಐದು ಸಾವಿರಕ್ಕೆ ಕಡಮೆಯಿಲ್ಲದ ಜನ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಬೇಸಾಯವಲ್ಲದ ವೃತ್ತಿಯವರು, ಚದರ ಕಿಲೋಮೀಟರಿಗೆ 400 ಮಂದಿಯ ಸಾಂದ್ರತೆ, ಈ ಮೂರೂ ಒಂದೆಡೆ ಕೂಡಿದರೆ ಅದು ಪಟ್ಟಣ, ಪುರಸಭೆಯೇ ಮೊದಲಾದವು ಇರುವ ಸ್ಥಳವು ಹೇಗೂ ಪಟ್ಟಣವೇ, ಉಳಿದದ್ದು ಹಳ್ಳಿ. ರಿಸರ್ವ್ ಬ್ಯಾಂಕಿನವರು ಬ್ಯಾಂಕುಗಳ ಶಾಖೆಗಳನ್ನು ವರ್ಗ ಮಾಡುವಾಗ ಹತ್ತು ಸಾವಿರಕ್ಕಿಂತ ಕಡಮೆ ಜನವಿರುವ ಸ್ಥಳವನ್ನು ಗ್ರಾಮೀಣವೆನ್ನುತ್ತಾರೆ. ಸ್ವಾತಂತ್ರ್ಯದ ಸುವರ್ಣಮಹೋತ್ಸವದ ಹೆಸರಿನಲ್ಲಿ 1997ರಲ್ಲಿ ಆರಂಭವಾದ ಗ್ರಾಮೀಣ ಗೃಹಸಾಲದ ಯೋಜನೆಯಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕಿನವರು ಐವತ್ತು ಸಾವಿರ ಜನದವರೆಗಿನ ಪಟ್ಟಣವನ್ನೂ ಗ್ರಾಮೀಣದಲ್ಲಿಯೇ ಎಣಿಸಿದರು. 1985ರ ಇಂದಿರಾ ಆವಾಸ್ ಯೋಜನೆಯ ಸ್ಥಾನದಲ್ಲಿ 2016ರಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯು ಬಯಲುಸೀಮೆಯ ಮನೆಗೆ 1,20,000 ರೂಪಾಯಿಗಳ ಸಹಾಯವನ್ನು ಗೊತ್ತುಮಾಡಿತು. 2017ರಲ್ಲಿ, ಆ ಯೋಜನೆಗೆ ಒಳಪಡದ ಗ್ರಾಮಸ್ಥರ ಎರಡು ಲಕ್ಷ ರೂಪಾಯಿಗಳವರೆಗಿನ ಗೃಹಸಾಲಕ್ಕೆ ನೂರಕ್ಕೆ ಮೂರರಂತೆ ಬಡ್ಡಿಯ ರಿಯಾಯಿತಿ ಗೊತ್ತಾಯಿತು. ಇವೆರಡೂ ಪಾಲಿಕೆಯ ಎಲ್ಲೆಯ ಹೊರಗಿನವರಿಗೆ.

ಒಂದು ವಸ್ತುವಿಗೆ ನಾಲ್ಕು ಲಕ್ಷಣಗಳು. ತರ್ಕಶಾಸ್ತ್ರದಲ್ಲಿ ಲಕ್ಷಣಕ್ಕೆ ಮೂರು ದೋಷಗಳನ್ನು ಹೇಳಿದೆ. ಲಕ್ಷ್ಯದ ಒಂದಂಶಕ್ಕೆ ಅನ್ವಯಿಸದಿದ್ದರೆ ಅವ್ಯಾಪ್ತಿ. ಲಕ್ಷ್ಯವಲ್ಲದ್ದಕ್ಕೂ ಅನ್ವಯಿಸಿದರೆ ಅತಿವ್ಯಾಪ್ತಿ. ಎಲ್ಲಿಯೂ ಅನ್ವಯಿಸದಿದ್ದರೆ ಅಸಂಭವ. ತರ್ಕಸಂಗ್ರಹವನ್ನು ಓದುವ ಹುಡುಗನು ಹಸುವಿನ ಲಕ್ಷಣವನ್ನು ಹೇಳುವಾಗ ಇಷ್ಟು ತಪ್ಪಿದರೆ ಗುರುಗಳು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಸರ್ಕಾರದ ಇಲಾಖೆಗಳನ್ನು ನಿಲ್ಲಿಸುವ ಬೆಂಚು ಇಲ್ಲವಾದ ಕಾರಣ ಆ ದಂಡನೆಯನ್ನು ಸಾಲ ಕೇಳಲು ಬಂದವನೇ ಅನುಭವಿಸಬೇಕಾಗಿದೆ. ಹಳ್ಳಿಯೆಂಬುದಕ್ಕೆ ಜನರ ಸಂಖ್ಯೆಯೊಂದೇ ಗುರುತಲ್ಲ. ಕೆರೆ, ಅದರ ಕೆಳಗಿನ ಗದ್ದೆ, ದೇವಸ್ಥಾನ, ಗುಂಡುತೋಪು, ಊರೊಟ್ಟಿನ ಬಾಳು, ಇವುಗಳಿಂದ ಹಳ್ಳಿಯಾಗುತ್ತದೆ. ಗದ್ದೆ ಹೋಗಿರಬಹುದು, ಕೆರೆ ಬತ್ತಿರಬಹುದು. ಮನೆ ಮಾತ್ರ ನಿಂತೇ ಇದೆ, ಮತ್ತು ಪ್ರಶ್ನೆಯಿರುವುದು ಮನೆಯದು.

ಈ ಮನೆಗಳು ಎಷ್ಟು ಹಳೆಯ ನೆಲದಲ್ಲಿ ನಿಂತಿವೆಯೆಂಬುದನ್ನು ತಿಳಿಯಬೇಕಾದರೆ ಬಿ. ಎಲ್. ರೈಸ್ ಮಹಾಶಯರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಸಂಪುಟವನ್ನು ತೆರೆದರೆ ಸಾಕು. ಕಾಡುಗೋಡಿಯ ಬಳಿ ಪಟ್ಟಂದೂರಿನಲ್ಲಿ ರಾಜೇಂದ್ರಚೋಳನ ಕಾಲದ, 1043ರ ತಮಿಳು ಶಾಸನವು ಕೆರೆ ದೇವಸ್ಥಾನಗಳ ನಿರ್ಮಾಣವನ್ನು ಹೇಳುತ್ತದೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿಯ ಗುಡಿಯ ಗೋಡೆಗಳ ಮೇಲೆ ಹದಿಮೂರನೆಯ ಶತಮಾನದಿಂದ ಮೊದಲಾದ ಬರಹಗಳಿವೆ. ಆ ಊರಿಗೆ ಅವುಗಳಲ್ಲಿ ತೊಂಬಲೂರೆಂದೂ ದೇಶಿಮಾಣಿಕ್ಯಪಟ್ಟಣವೆಂದೂ ಹೆಸರು. ವಿಣ್ಣಮಂಗಲದ ಕೆರೆಯ ಮಾತೂ ಅವುಗಳಲ್ಲಿ ಬರುತ್ತದೆ. ಅದು ಇಂದಿನ ಬಿನ್ನಮಂಗಲವಲ್ಲದೆ ಬೇರೆಯಲ್ಲ. ವಿಜಯನಗರದ ದೇವರಾಯನ ಕಾಲದ ಶಾಸನವೊಂದು ತೊಂಬಲೂರಿನ ಸುತ್ತಣ ಭೂಮಿ, ಬಾವಿ, ಮನೆಗಳನ್ನೂ ಅಲ್ಲಿಯ ತೆರಿಗೆಗಳನ್ನೂ ಎಣಿಸಿ ದೇವರಿಗೆ ಬಿಟ್ಟ ಸಂಗತಿಯನ್ನು ತಿಳಿಸುತ್ತದೆ. ಎಂದರೆ ಆರುನೂರು ವರ್ಷಗಳ ಹಿಂದೆಯೇ ದೊಮ್ಮಲೂರಿನಲ್ಲಿ ಮನೆಗಳೂ ಇದ್ದವು, ಅವುಗಳ ಲೆಕ್ಕವೂ ಇತ್ತು.

ಇವೆಲ್ಲಕ್ಕಿಂತ ಸ್ವಾರಸ್ಯವಾದದ್ದು ವಿಭೂತಿಪುರದ ಶಾಸನ. ಹೊಯ್ಸಳರ ಮೂರನೆಯ ಬಲ್ಲಾಳನ ಕಾಲದ್ದು, 1307ನೆಯ ಇಸವಿಯದು. ಕಾಡನ್ನು ಕಡಿದು, ನೆಲವನ್ನು ಸಮಮಾಡಿ, ಮಣ್ಣು ತೋಡಿ ಕೆರೆಯನ್ನು ಕಟ್ಟಿ, ಊರನ್ನು ನೆಲೆಗೊಳಿಸಿದುದನ್ನು ಅದು ಹೇಳುತ್ತದೆ. ಬಡಾವಣೆಯೆಂದರೆ ಇದಕ್ಕಿಂತ ಬೇರೆ ಏನು? ಭೂಮಿಯನ್ನು ಹಸನು ಮಾಡಿದ್ದಾಯಿತು, ನೀರಿನ ಏರ್ಪಾಡು ಆಯಿತು, ವಾಸಕ್ಕೆ ಸ್ಥಳ ಗೊತ್ತಾಯಿತು, ರಾಜನ ಸಮ್ಮತಿಯೂ ದೊರೆಯಿತು. ಅನುಮೋದಿತ ಬಡಾವಣೆಯ ನಕ್ಷೆಯೆಲ್ಲಿಯೆಂದು ಬ್ಯಾಂಕಿನ ಅಧಿಕಾರಿ ಕೇಳಿದರೆ ವಿಭೂತಿಪುರದವರು ಆ ಕಲ್ಲನ್ನು ತೋರಿಸಬಹುದು. ಅದನ್ನು ನಕಲು ತೆಗೆದು ಅರ್ಜಿಗೆ ಲಗತ್ತಿಸುವುದು ಸ್ವಲ್ಪ ಕಷ್ಟವಾದೀತು.

ಹಲಸೂರಿನ ವಿಷಯವಂತೂ ಸರ್ವವಿದಿತ. ಅಚ್ಯುತರಾಯನಿಂದ ಕೆಂಪೇಗೌಡನಿಗೆ ಬಂದ ಗ್ರಾಮಗಳಲ್ಲಿ ಹಲಸೂರೂ ಒಂದೆಂಬುದು ಪ್ರಸಿದ್ಧವಾದ ಹೇಳಿಕೆ; ಸೋಮೇಶ್ವರನ ಗುಡಿ, ಕೆರೆ, ಕೆರೆಯ ದಡದ ಗೋಪುರ ಇವು ಇಂದಿಗೂ ಆ ವಂಶದ ಹೆಸರನ್ನು ಹೇಳುತ್ತಿವೆ. 1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದಿಂದ ಸೈನ್ಯವನ್ನು ತೆಗೆದು ದಂಡನ್ನು ನೆಲೆಮಾಡಿದಾಗ ಅವರು ಆರಿಸಿಕೊಂಡದ್ದು ಈ ಹಲಸೂರಿನ ಮಗ್ಗುಲನ್ನೇ. ಅಂದಿನಿಂದ ಈ ಪೂರ್ವದಿಕ್ಕಿನ ಜನರ ಮೇಲೆ ಗೆರೆ ಎಳೆಯುವ ಕೆಲಸ ಪ್ರಾರಂಭವಾಯಿತು. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಪುರಸಭೆಯಾಯಿತು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಹಿಂದಿರುಗಿದರೂ ದಂಡಿನ ಪ್ರದೇಶವು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಇಂಗ್ಲಿಷರ ಕೈಯಲ್ಲಿಯೇ ಉಳಿಯಿತು. ಚಿಕ್ಕಪೇಟೆಯಿಂದ ಹಲಸೂರಿಗೆ ನಡೆದುಹೋದವನು ಒಂದು ರಾಜ್ಯವನ್ನು ಬಿಟ್ಟು ಮತ್ತೊಂದಕ್ಕೆ ಹೋದಂತಾಗುತ್ತಿತ್ತು. 1947ರ ಜುಲೈಯಲ್ಲಿ ಅದು ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆ ದಂಡುಗಳೆರಡೂ ಕೂಡಿ ಒಂದು ಕಾರ್ಪೊರೇಷನ್ ಆಯಿತು. ಬ್ಲಾಕ್‌ಪಲ್ಲಿಯೆಂದು ಕರೆಯಲ್ಪಡುತ್ತಿದ್ದುದು ಶಿವಾಜಿನಗರವಾಯಿತು. ಅಲ್ಲಿಂದ ಮುಂದೆ ಗೆರೆಯು ರೈಲಿನ ದಾರಿ ಹಿಡಿದು ಮೂಡಣಕ್ಕೆ ಸಾಗಿತು. 1864ರಲ್ಲಿ ಜೋಲಾರಪೇಟೆಯಿಂದ ದಂಡಿನ ನಿಲ್ದಾಣಕ್ಕೆ ರೈಲು ಬಂದಾಗ ಕೃಷ್ಣರಾಜಪುರವು ಹೊಲಗದ್ದೆಗಳ ನಡುವಣ ಊರು. 2007ರಲ್ಲಿ ಏಳು ನಗರಸಭೆಗಳು, ಕೆಂಗೇರಿಯ ಪುರಸಭೆ, ನೂರಕ್ಕೂ ಮಿಗಿಲಾದ ಹಳ್ಳಿಗಳು ಇವೆಲ್ಲ ಮಹಾನಗರಪಾಲಿಕೆಯಲ್ಲಿ ಲೀನವಾದಾಗ ಕೃಷ್ಣರಾಜಪುರದ ನಗರಸಭೆಯೂ ಲೀನವಾಯಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಐದಾಗಿ ಒಡೆದು, ಕೃಷ್ಣರಾಜಪುರವು ಬೆಂಗಳೂರು ಪೂರ್ವ ನಗರಪಾಲಿಕೆಗೆ ಸೇರಿತು.

ಇಷ್ಟು ಸಲ ಗಡಿ ಸರಿದಿದೆ. ಒಂದು ಸಲವೂ ಮನೆ ಸರಿದಿಲ್ಲ. ಆದರೂ ಕ್ರಮಬದ್ಧವಲ್ಲದ್ದು ಯಾವುದೆಂದು ಕೇಳಿದರೆ ಕಡತಗಳು ಮನೆಯ ಕಡೆಗೆ ಬೊಟ್ಟು ಮಾಡುತ್ತವೆ!

ಬಿನ್ನಮಂಗಲದ ನಿದರ್ಶನವನ್ನು ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು. ಇಂದು ಇಂದಿರಾನಗರವೆಂದು ಹೆಸರಾಗಿರುವ ಬಡಾವಣೆಯು 1970ರ ದಶಕದಲ್ಲಿ ಬೆಳೆದದ್ದು ಮುಖ್ಯವಾಗಿ ಬಿನ್ನಮಂಗಲದ ಮತ್ತು ಸುತ್ತಣ ಊರುಗಳ ಭೂಮಿಯ ಮೇಲೆ. ಸರ್ಕಾರದ ಕಾಗದಗಳಲ್ಲಿ ಅದಕ್ಕೆ ಬಿನ್ನಮಂಗಲ ಮೊದಲನೆಯ ಹಂತ ಮುಂತಾದ ಹೆಸರುಗಳು ಬಹುಕಾಲ ನಡೆದವು. ಹೊಲವು ನಿವೇಶನವಾಯಿತು, ನಿವೇಶನಕ್ಕೆ ಹಂಚಿಕೆಯ ಪತ್ರ ಬಂದಿತು, ಪತ್ರದ ಮೇಲೆ ಕ್ರಯವಾಯಿತು, ಕ್ರಯಪತ್ರದ ಮೇಲೆ ಬ್ಯಾಂಕು ಕೇಳಿದಷ್ಟು ಹಣವನ್ನು ಕೊಟ್ಟಿತು, ಈಗಲೂ ಕೊಡುತ್ತದೆ. ಆ ಹೊಲವನ್ನು ಉತ್ತವರ ಮನೆಗಳಿದ್ದ ಊರಿನ ಭಾಗಕ್ಕೆ ಯಾವ ಹಂಚಿಕೆಯ ಪತ್ರವೂ ಬರಲಿಲ್ಲ, ಏಕೆಂದರೆ ಅದನ್ನು ಯಾರೂ ಅವರಿಗೆ ಹಂಚಿರಲಿಲ್ಲ. ಅದು ಅವರದೇ ಆಗಿತ್ತು. ಹೊಲಕ್ಕೆ ಬೆಲೆಯುಂಟು, ಮನೆಗೆ ಇಲ್ಲ. ಮಗುವಿಗೆ ಜನ್ಮಪತ್ರವಿದೆ, ತಾಯಿಗಿಲ್ಲವಾದಕಾರಣ ತಾಯಿ ಹುಟ್ಟಿಯೇ ಇಲ್ಲವೆಂಬ ವಾದಕ್ಕೂ ಇದಕ್ಕೂ ಏನು ಭೇದ?

ಹಾಗಾದರೆ ಈ ಮನೆಗಳಿಗೆ ಪತ್ರವೇಕೆ ಇಲ್ಲ? ಊರವರ ಅಜಾಗ್ರತೆಯಿಂದಲ್ಲ. ಮೈಸೂರು ಸೀಮೆಯಲ್ಲಿ ಕಂದಾಯದ ಮೋಜಣಿ 1863ರಲ್ಲಿ ಪ್ರಾರಂಭವಾದದ್ದು ಭೂಮಿಯ ಕಂದಾಯವನ್ನು ನಿಷ್ಕರ್ಷೆ ಮಾಡುವುದಕ್ಕಾಗಿ. ಯಾವ ನೆಲವು ಕಂದಾಯವನ್ನು ಕೊಡಬೇಕೋ ಆ ನೆಲವನ್ನು ಅಳೆದರು, ಕಲ್ಲು ನೆಟ್ಟರು, ಸರ್ವೆ ನಂಬರು ಕೊಟ್ಟರು. ಜನ ವಾಸಮಾಡುವ ಜಾಗಕ್ಕೆ ಭೂಕಂದಾಯವಿರಲಿಲ್ಲ. ಆದಕಾರಣ ಅದನ್ನು ಒಂದೊಂದು ಮನೆಯಾಗಿ ಅಳೆಯಲಿಲ್ಲ. ಗ್ರಾಮನಕ್ಷೆಯಲ್ಲಿ ಒಂದು ಗೆರೆಯನ್ನು ಸುತ್ತ ಎಳೆದು ಒಳಗೆ ಗ್ರಾಮಠಾಣವೆಂದು ಬರೆದು ಬಿಟ್ಟರು. ನೂರು ಮನೆಗಳಿರಲಿ, ಐನೂರಿರಲಿ, ನಕ್ಷೆಯಲ್ಲಿ ಅದು ಒಂದೇ ತುಂಡು. ಒಳಗಿನ ಮನೆ ಯಾರದು, ಗೋಡೆ ಯಾರದು, ಬಚ್ಚಲಿನ ನೀರು ಯಾರ ಕಡೆಗೆ ಹರಿಯಬೇಕು ಎಂಬ ಸಂಗತಿಗಳು ಪಟೇಲ ಶಾನುಭೋಗರ ತಿಳಿವಳಿಕೆಯಲ್ಲಿಯೂ ನೆರೆಹೊರೆಯವರ ನೆನಪಿನಲ್ಲಿಯೂ ಇದ್ದವು. 1961ರ ಕಾಯಿದೆಯಿಂದ ಪಟೇಲ ಶಾನುಭೋಗರ ಹುದ್ದೆಗಳು ರದ್ದಾದವು. ವಂಶಪಾರಂಪರ್ಯವಾದ ಅಧಿಕಾರ ಹೋದದ್ದು ಒಳ್ಳೆಯದೇ. ಆದರೆ ಅವರೊಡನೆ ಅವರ ತಿಳಿವಳಿಕೆಯೂ ಹೋಯಿತು, ಅದನ್ನು ಬರೆದಿಟ್ಟುಕೊಳ್ಳುವ ಏರ್ಪಾಡನ್ನು ಯಾರೂ ಮಾಡಲಿಲ್ಲ. ಅಳೆಯಬೇಕಾದವರು ಅಳೆಯಲಿಲ್ಲ, ಬರೆಯಬೇಕಾದವರು ಬರೆಯಲಿಲ್ಲ. ಪತ್ರವಿಲ್ಲದ ತಪ್ಪು ಮಾತ್ರ ಮನೆಯಲ್ಲಿದ್ದವನದಾಯಿತು.

ಬ್ಯಾಂಕಿನ ಪದ್ಧತಿಯ ಮೂಲವನ್ನು ನೋಡಿದರೆ ಈ ವೈಪರೀತ್ಯವು ಇನ್ನೂ ಸ್ಪಷ್ಟವಾಗುತ್ತದೆ. ಸ್ವತ್ತಿನ ಹಕ್ಕುಪತ್ರಗಳನ್ನು ಸಾಲಗಾರನು ಬ್ಯಾಂಕಿನಲ್ಲಿ ಒಪ್ಪಿಸಿದರೆ ಅಷ್ಟರಿಂದಲೇ ಅಡಮಾನವಾಗುತ್ತದೆಂಬುದು 1882ರ ಸ್ವತ್ತು ವರ್ಗಾವಣೆಯ ಕಾಯಿದೆಯ ಒಂದು ವಿಧಿ. ಅದು ಮೊದಲು ಕಲ್ಕತ್ತ, ಮದರಾಸು, ಬೊಂಬಾಯಿಗಳಂಥ ವರ್ತಕರ ಪಟ್ಟಣಗಳ ಅನುಕೂಲಕ್ಕಾಗಿ ಇದ್ದದ್ದು. ಅಲ್ಲಿ ಪ್ರತಿಯೊಂದು ಮನೆಗೂ ಕ್ರಯಪತ್ರವಿರುವುದು ಸಹಜ, ಏಕೆಂದರೆ ಪ್ರತಿಯೊಂದು ಮನೆಯೂ ಕೈಯಿಂದ ಕೈಗೆ ಮಾರಾಟವಾದದ್ದು. ಯಾರ ಮನೆ ತಲೆಮಾರುಗಳಿಂದ ಮಾರಾಟವಾಗಲಿಲ್ಲವೋ ಅವನಲ್ಲಿ ಕ್ರಯಪತ್ರವಿರುವುದು ಹೇಗೆ? ಮಾರದೆ ಉಳಿಸಿಕೊಂಡದ್ದೇ ಅವನ ಅನರ್ಹತೆಯಾಗಿದೆ. ನಿನ್ನೆ ಕೊಂಡವನು ಯೋಗ್ಯ. ಏಳು ತಲೆಯಿಂದ ಇದ್ದವನು ಅಯೋಗ್ಯ.

ಈ ದೇಶದ ವ್ಯವಹಾರಶಾಸ್ತ್ರವು ಈ ವಿಷಯದಲ್ಲಿ ಇಷ್ಟು ಕುರುಡಾಗಿರಲಿಲ್ಲ. ಮನೆ ಹಿತ್ತಲುಗಳ ವ್ಯಾಜ್ಯವನ್ನು ನೆರೆಯವರ ಸಾಕ್ಷ್ಯದಿಂದ ತೀರಿಸಬೇಕೆಂದು ಕೌಟಿಲ್ಯನು ವಿಧಿಸಿದ್ದಾನೆ. ಕನ್ನಡನಾಡಿನ ಕಲ್ಯಾಣದಲ್ಲಿ, ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಆಗಮ, ಭೋಗ ಎಂಬ ಎರಡನ್ನು ವಿವೇಚಿಸುತ್ತಾನೆ. ಆಗಮವೆಂದರೆ ಸ್ವತ್ತು ಕೈಗೆ ಬಂದ ಬಗೆ, ಇಂದಿನವರು ಹೇಳುವ ಮೂಲಪತ್ರ. ಭೋಗವೆಂದರೆ ಅದನ್ನು ಅನುಭವಿಸಿಕೊಂಡು ಬಂದಿರುವುದು. ಮನುಷ್ಯರ ನೆನಪಿಗೆ ಸಿಕ್ಕುವ ಕಾಲದೊಳಗಿನ ಭೋಗಕ್ಕೆ ಆಗಮವನ್ನು ತೋರಿಸಲೇಬೇಕು. ಇಲ್ಲವಾದರೆ ಕಳ್ಳನೂ ಭೋಗವನ್ನು ಹೇಳಿಕೊಂಡಾನು. ಆದರೆ ನೆನಪಿಗೆ ಮೀರಿದ ಕಾಲದಿಂದ ಎಡೆಬಿಡದೆ ನಡೆದುಬಂದ ಭೋಗಕ್ಕೆ ಆಗಮವನ್ನು ತೋರಿಸೆಂದು ಕೇಳುವುದು ಸಲ್ಲದು. ಅಲ್ಲಿ ಭೋಗವೇ ಪ್ರಮಾಣ. ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕಂಡ ಈ ಭೇದವು ಇಂದು ಬೆಂಗಳೂರಿನ ಸಾಲದ ಅರ್ಜಿಯ ನಮೂನೆಯಲ್ಲಿ ಕಾಣಿಸುವುದಿಲ್ಲ.

ಇಲ್ಲಿ ಬ್ಯಾಂಕಿನ ಪಕ್ಷದವರ ಆಕ್ಷೇಪವನ್ನು ಕೇಳಬೇಕಾದದ್ದು ಧರ್ಮ. ಬ್ಯಾಂಕಿನ ಹಣ ಬ್ಯಾಂಕಿನವರದಲ್ಲ, ಠೇವಣಿಯಿಟ್ಟವರದು. ವಿಧವೆಯರ, ನಿವೃತ್ತರ, ಬಡವರ ಉಳಿತಾಯವದು. ಹಕ್ಕು ಸಂದಿಗ್ಧವಾದ ಮನೆಯ ಮೇಲೆ ಅದನ್ನು ಚೆಲ್ಲಿದರೆ ನಾಳೆ ದಾಯಾದಿಯೊಬ್ಬನು ಎದ್ದು ತನ್ನ ಭಾಗವೆಂದರೆ ಗತಿಯೇನು? ಈ ಆಕ್ಷೇಪವು ತೂಕವುಳ್ಳದ್ದೇ. ಆದರೆ ನೋಂದಣಿಯಾದ ಕ್ರಯಪತ್ರವಿದ್ದರೆ ದಾಯಾದಿ ಏಳುವುದಿಲ್ಲವೆ? ಈ ದೇಶದ ನೋಂದಣಿಯು ಪತ್ರವನ್ನು ನೋಂದಾಯಿಸುತ್ತದೆಯೇ ಹೊರತು ಹಕ್ಕಿಗೆ ಜಾಮೀನು ನಿಲ್ಲುವುದಿಲ್ಲ. ಒಂದೇ ನಿವೇಶನವನ್ನು ಇಬ್ಬರಿಗೆ ಮಾರಿದ, ಸತ್ತವನ ಸಹಿ ಹಾಕಿದ ಪ್ರಕರಣಗಳು ನ್ಯಾಯಾಲಯಗಳಿಗೆ ಹೊಸವಲ್ಲ. ಅವುಗಳಲ್ಲೆಲ್ಲ ಪತ್ರಗಳು ಅಂದವಾಗಿಯೇ ಇರುತ್ತವೆ. ಮೇಲಾಗಿ, ಬಾಕಿಯುಳಿಸಿದವನ ಮನೆಯನ್ನು ಕೋರ್ಟಿಗೆ ಹೋಗದೆಯೇ ವಶಮಾಡಿಕೊಳ್ಳುವ ಅಧಿಕಾರವನ್ನು 2002ರ ಕಾಯಿದೆಯು ಬ್ಯಾಂಕುಗಳಿಗೆ ಕೊಟ್ಟಿದೆ. ಇಷ್ಟು ಬಲವಿದ್ದೂ ನೆರೆಯ ನಾಲ್ವರನ್ನು ಕೇಳಿ ಮನೆ ಯಾರದೆಂದು ತಿಳಿಯುವ ಶ್ರಮವನ್ನು ವಹಿಸದಿರುವುದು ಎಚ್ಚರಿಕೆಯಲ್ಲ, ಆಲಸ್ಯ.

ಕರ್ನಾಟಕದ ಬ್ಯಾಂಕುಗಳಿಗೆ ಈ ಶ್ರಮವು ಅಪರಿಚಿತವೂ ಅಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರಸಂಘವು ಹುಟ್ಟಿದ್ದು ಒಬ್ಬರನ್ನೊಬ್ಬರು ಬಲ್ಲವರ ನಂಬಿಕೆಯ ಮೇಲೆ. ದಕ್ಷಿಣ ಕನ್ನಡದ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ ಮನೆಮನೆಗೆ ಹೋಗಿ ಬಿಡಿಕಾಸನ್ನು ಕೂಡಿಸಿದರು. 1913ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಸ್ಥಾಪಿತವಾದ ಮೈಸೂರು ಬ್ಯಾಂಕು ಸಂಸ್ಥಾನದ ಊರುಗಳಲ್ಲಿ ಬೇರುಬಿಟ್ಟಿತ್ತು. 2017ರಿಂದ 2020ರೊಳಗೆ ಮೈಸೂರು, ವಿಜಯ, ಸಿಂಡಿಕೇಟ್, ಕಾರ್ಪೊರೇಷನ್ ಎಂಬ ನಾಲ್ಕು ಬ್ಯಾಂಕುಗಳ ಹೆಸರುಗಳೂ ಬೇರೆ ಬ್ಯಾಂಕುಗಳಲ್ಲಿ ಕರಗಿಹೋದವು. ಮನೆಬಾಗಿಲಿಗೆ ಬಂದು ಠೇವಣಿಯನ್ನು ಪಡೆಯುವಾಗ ಬಿ ಖಾತೆಯೋ ಎ ಖಾತೆಯೋ ಎಂದು ಯಾವ ಬ್ಯಾಂಕೂ ಕೇಳಿದ್ದಿಲ್ಲ. ಆ ಪ್ರಶ್ನೆ ಹುಟ್ಟುವುದು ಹಣವನ್ನು ಕೊಡುವಾಗ.

ಇನ್ನೊಂದು ಆಕ್ಷೇಪವುಂಟು; ಅದು ಮೊದಲನೆಯದಕ್ಕಿಂತ ಬಲವಾದದ್ದು. ಗ್ರಾಮಠಾಣದ ಹೆಸರನ್ನು ಹೇಳಿಕೊಂಡು, ಬೇಸಾಯದ ಭೂಮಿಯನ್ನು ಪರಿವರ್ತನೆಯಿಲ್ಲದೆ ತುಂಡುಮಾಡಿ ಮಾರಿದವರು, ಕೆರೆಯಂಗಳವನ್ನೂ ಗುಂಡುತೋಪನ್ನೂ ಒತ್ತಿಕೊಂಡವರು ಕೃಷ್ಣರಾಜಪುರದ ಸುತ್ತ ಕಡಮೆಯಿಲ್ಲ. ಬಾಗಿಲನ್ನು ಸಡಿಲಿಸಿದರೆ ಮೊದಲು ನುಗ್ಗುವವರು ಅವರೇ. ಇದು ನಿಜ. ಅವರ ಪರವಾಗಿ ಇಲ್ಲಿ ಒಂದು ಮಾತೂ ಇಲ್ಲ. (ಸಂಪಂಗಿ ಕೆರೆಯೂ ಶೂಲೆ ಕೆರೆಯೂ ಆಟದ ಮೈದಾನಗಳಾದಾಗ ಆ ಕೆಲಸವನ್ನು ಮಾಡಿದವರು ಹಳ್ಳಿಯವರಲ್ಲವೆಂಬುದನ್ನು ಪ್ರಾಜ್ಞರು ಮರೆಯದಿದ್ದರೆ ಸಾಕು.) ಆದರೆ ಈ ಇಬ್ಬರನ್ನೂ ಒಂದೇ ಚೀಲದಲ್ಲಿ ತುಂಬಿದವರು ಯಾರು? ಪಾಲಿಕೆಯು ಎ ಎಂದೂ ಬಿ ಎಂದೂ ಎರಡು ವಹಿಗಳನ್ನಿಟ್ಟಿತು. ಗ್ರಾಮಠಾಣದ ಮನೆಗೆ ಎ ಖಾತೆಯನ್ನು ಕೊಡಲು ನಿಯಮದಲ್ಲಿ ಅಡ್ಡಿಯಿಲ್ಲದಿದ್ದರೂ, ಗ್ರಾಮಠಾಣದ ಎಲ್ಲೆಯನ್ನೂ ಮನೆಯ ಅಳತೆಯನ್ನೂ ತೋರಿಸುವ ಕಾಗದವಿಲ್ಲವೆಂಬ ಕಾರಣದಿಂದ ಹಳೆಯ ಮನೆಗಳೂ ಬಿ ವಹಿಗೆ ಬಿದ್ದವು. ಅಲ್ಲಿ ನಿನ್ನೆಯ ಅಕ್ರಮ ನಿವೇಶನವೂ ಇದೆ, ಏಳು ತಲೆಯ ಮನೆಯೂ ಇದೆ. ಬ್ಯಾಂಕಿನ ಕಣ್ಣಿಗೆ ಎರಡೂ ಸಮ. ಅಕ್ರಮ-ಸಕ್ರಮವೆಂಬ ಯೋಜನೆಯು 2017ರಲ್ಲಿ ಸರ್ವೋಚ್ಚ ನ್ಯಾಯಾಲಯದ ತಡೆಯಾಜ್ಞೆಗೆ ಸಿಕ್ಕಿತು. 2025ರಲ್ಲಿ ಬಿ ಖಾತೆಯನ್ನು ಎ ಖಾತೆಯನ್ನಾಗಿ ಪರಿವರ್ತಿಸಿಕೊಳ್ಳಲು ಸರ್ಕಾರವು ಶುಲ್ಕದ ಮೇಲೆ ಅವಕಾಶವನ್ನು ಕೊಟ್ಟಿತು. ಅಕ್ರಮ ಮಾಡಿದವನು ಶುಲ್ಕ ಕೊಟ್ಟು ಸಕ್ರಮನಾಗಲಿ. ಅಕ್ರಮವನ್ನೇ ಮಾಡದವನು ಯಾವುದಕ್ಕಾಗಿ ಕೊಡಬೇಕು? ಯಜಮಾನನು ತನ್ನ ಮನೆಯ ಹೊಸ್ತಿಲಿನಲ್ಲಿ ಸುಂಕ ಕಟ್ಟಿ ಒಳಗೆ ಹೋದಂತಾಗುತ್ತದೆ.

ಸಾಲ ಹುಟ್ಟದವನು ಸುಮ್ಮನೆ ಕುಳಿತಿರುವುದಿಲ್ಲ. ಗೋಡೆ ಅವನನ್ನು ಕಾಯುವುದಿಲ್ಲ. ಹೆಂಡತಿಯ ಒಡವೆಯನ್ನು ಅಡವಿಡುತ್ತಾನೆ, ಚೀಟಿಯನ್ನು ಕೂಗಿ ನಷ್ಟದಲ್ಲಿ ಎತ್ತುತ್ತಾನೆ, ಮೇಲಿನ ಅಂತಸ್ತನ್ನು ಕಟ್ಟುವ ಮೊದಲೇ ಅದನ್ನು ಭೋಗ್ಯಕ್ಕೆ ಕೊಟ್ಟು ಹಣವನ್ನು ಪಡೆಯುತ್ತಾನೆ, ಕೊನೆಗೆ ಖಾಸಗಿ ಲೇವಾದೇವಿಯವರ ಬಾಗಿಲಿಗೆ ಹೋಗುತ್ತಾನೆ. ಅಲ್ಲಿ ಮೂಲಪತ್ರವನ್ನು ಕೇಳುವುದಿಲ್ಲ. ಬಡ್ಡಿಯನ್ನು ಮಾತ್ರ ಕೇಳುತ್ತಾರೆ. ಇಂಥ ಸಾಲಗಳ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯುವುದಕ್ಕೆ 2025ರಲ್ಲಿ ಕರ್ನಾಟಕ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಒಂದು ಕೈಯಿಂದ ಜನರನ್ನು ಆ ಬಾಗಿಲಿಗೆ ತಳ್ಳಿ ಇನ್ನೊಂದು ಕೈಯಿಂದ ಬಾಗಿಲಿನ ಮುಂದೆ ಎಚ್ಚರಿಕೆಯ ಹಲಗೆಯನ್ನು ನೇತುಹಾಕುವುದು ಆಡಳಿತದ ಯಾವ ನೀತಿ?

ಮಾಡಬೇಕಾದದ್ದು ಅಪೂರ್ವವಾದದ್ದೇನೂ ಅಲ್ಲ. 2020ರ ಏಪ್ರಿಲ್ 24ರಂದು ಕೇಂದ್ರಸರ್ಕಾರವು ಸ್ವಾಮಿತ್ವವೆಂಬ ಯೋಜನೆಯನ್ನು ಪ್ರಾರಂಭಿಸಿತು. ಹಳ್ಳಿಗಳ ವಾಸದ ನೆಲೆಯ ಮೇಲೆ ಡ್ರೋನನ್ನು ಹಾರಿಸಿ, ಪ್ರತಿಯೊಂದು ಮನೆಯನ್ನೂ ಅಳೆದು, ತಕರಾರುಗಳನ್ನು ಕೇಳಿ, ಮನೆಯವರಿಗೆ ಆಸ್ತಿಯ ಪತ್ರವನ್ನು ಕೊಡುವುದು ಅದರ ಕ್ರಮ. ಆ ಪತ್ರದ ಮೇಲೆ ಬ್ಯಾಂಕಿನ ಸಾಲ ದೊರೆಯಬೇಕೆಂಬುದು ಅದರ ಪ್ರಕಟವಾದ ಉದ್ದೇಶಗಳಲ್ಲೊಂದು. 1863ರಲ್ಲಿ ಅಳೆಯದೆ ಬಿಟ್ಟದ್ದನ್ನು ಅಳೆಯುವ ಕೆಲಸವಿದು. ಆದರೆ ಇದು ಗ್ರಾಮಪಂಚಾಯಿತಿಗಳ ಹಳ್ಳಿಗಳಿಗೆ ಮಾತ್ರ. ಪಾಲಿಕೆಯ ಗಡಿಯಾಚೆ ಬಿದರಹಳ್ಳಿ ಹೋಬಳಿಯ ಪಂಚಾಯಿತಿಯೊಂದಕ್ಕೆ ಸೇರಿದ ಊರಿನ ಮನೆಯು ಈ ಯೋಜನೆಯೊಳಗೆ ಬರುತ್ತದೆ. ಇ-ಸ್ವತ್ತಿನ 9ನೆಯ ನಮೂನೆಯೂ ಅದಕ್ಕೆ ಸಲ್ಲುತ್ತದೆ. ಗಡಿಯ ಈಚೆಗಿರುವ, ಅಷ್ಟೇ ಹಳೆಯದಾದ, ಅಂಥದೇ ಮಣ್ಣಿನ ಗೋಡೆಯ ಮನೆಗೆ ಡ್ರೋನು ಹಾರುವುದಿಲ್ಲ. ಎರಡು ಊರುಗಳ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧವುಂಟು; ಅಕ್ಕನ ಮನೆಗೆ ಪತ್ರ ಬಂದರೆ ತಂಗಿಯ ಮನೆಗೆ ಇಲ್ಲ.

ಐದು ನಗರಪಾಲಿಕೆಗಳು ಹೊಸದಾಗಿ ಕಾರ್ಯಾರಂಭ ಮಾಡಿರುವ ಈ ಸಮಯದಲ್ಲಿ, ಗಡಿಯೊಳಗಿನ ಗ್ರಾಮಠಾಣಗಳಲ್ಲಿ ಇದೇ ಅಳತೆಯನ್ನು ನಡೆಸುವುದಕ್ಕೆ ಹಣದ ಅಭಾವವನ್ನು ಹೇಳುವಂತಿಲ್ಲ. ಈ ಮನೆಗಳು ವರ್ಷವರ್ಷವೂ ಕಟ್ಟುವ ಕಂದಾಯವೇ ಅಲ್ಲಿದೆ. ಹಳೆಯ ಗ್ರಾಮನಕ್ಷೆಯ ಗೆರೆಯನ್ನು ಹಿಡಿದು ಒಳಗಿನ ಮನೆಗಳನ್ನು ಒಂದೊಂದಾಗಿ ಅಳೆಯಲಿ. ಗೆರೆಯ ಹೊರಗಿನದನ್ನು ಬೇರೆಯಾಗಿ ವಿಚಾರಿಸಲಿ. ನೆರೆಯವರ ಹೇಳಿಕೆ, ಕಂದಾಯದ ರಸೀದಿ, ಮತದಾರರ ಹಳೆಯ ಪಟ್ಟಿ, ಶಾಲೆಯ ದಾಖಲೆ, ಪಾಲುಪಟ್ಟಿ ಇವುಗಳನ್ನು ಸಾಕ್ಷ್ಯವೆಂದು ಒಪ್ಪಿ, ತಕರಾರಿಗೆ ಗೊತ್ತಾದ ಅವಧಿಯನ್ನು ಕೊಟ್ಟು, ಅವಧಿ ಮುಗಿದ ಮೇಲೆ ಶುಲ್ಕವಿಲ್ಲದೆ ಎ ಖಾತೆಯನ್ನು ಬರೆಯಲಿ. ಆ ಖಾತೆಯನ್ನು ಕ್ರಯಪತ್ರಕ್ಕೆ ಸಮನಾಗಿ ಸ್ವೀಕರಿಸಬೇಕೆಂದು ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿಯಲ್ಲಿ ಸರ್ಕಾರವು ನಿರ್ಣಯವನ್ನು ಮಾಡಿಸಲಿ. ಕೃಷ್ಣರಾಜಪುರದಿಂದ ಆರಂಭಿಸಿದರೂ ಆಯಿತು, ವಿಭೂತಿಪುರದಿಂದ ಆರಂಭಿಸಿದರೂ ಆಯಿತು. ಮುಂಗಾರಿಗೆ ಮೊದಲು ಮೊದಲನೆಯ ಬೀದಿಯ ಅಳತೆಯಾದರೂ ಮುಗಿಯಲಿ; ಪಡುವಣ ಗೋಡೆ ಇನ್ನೊಂದು ಮಳೆಯನ್ನು ತಡೆಯುವಂತೆ ಕಾಣುವುದಿಲ್ಲ.